ಪವಮಾನನ ತಿಥಿ ಯಾರು ನೋಡಿಕೊಳ್ಳಬೇಕು?

ಸಾವಿತ್ರೀಬಾಯಿ: ನನ್ನ ಮಗ ಬಸ್ಸಿನಡಿ ಸಿಕ್ಕರ ಅವನ ತಿಥಿ ಯಾರು ನೋಡ್ಕೋತಾರ ಅಂತ ಯುರೋಪದವರು ಪತ್ರ ಬರದು ಕೇಳತಾರಲ್ಲೋ, ಇವರ ನಾಲಿಗಿಗೆ ಏನು ಧಾಡಿ ಆಗ್ಯದ!

ಪವಮಾನ: ಆಯಿ, ಅದು ಆ ತಿಥಿ ಅಲ್ಲ. ನನ್ನ ಪ್ರೋಗ್ರಾಮಿನ ಹೆಸರು ತಿಥಿ.

ಸಾವಿತ್ರೀಬಾಯಿ: ಆ ಹೆಸರು ಇಟ್ಟವರು ಯಾರು?

ಪವಮಾನ: ನಾನೇ.

ಸಾವಿತ್ರೀಬಾಯಿ: ಮತ್ತ ಅನುಭೋಗಿಸು!

ಶುಭದಾ: ಬಸ್ ಯಾವುದಂತ ಏನರ ಬರದಾರೇನ್ರಿ? ನೀವು ದಿನಾ ಹೋಗೋ ಕಮಲಾಪುರದ್ದೋ, ಬ್ಯಾರೆದ್ದೋ?

ಪವಮಾನ: ಶುಭದಾ, ಉರಿಯೋ ಬೆಂಕಿಗೆ ನೀ ಎಣ್ಣಿ ಹಾಕಬ್ಯಾಡ.

ಕಲಬುರಗಿಗೆ ಹತ್ತಿದ ಕುಸನೂರಿನ ಆ ಮನೆಯ ಪಡಸಾಲೆಯಲ್ಲಿ ಪವಮಾನ ಲ್ಯಾಪ್‌ಟಾಪಿನ ಮುಂದೆ ಬೆವೆತು ಕೂತಿದ್ದ. ದಿನವೂ ಬಸ್ಸು ಹತ್ತಿ ಕಮಲಾಪುರದ ಕಾಲೇಜಿಗೆ ಹೋಗಿ ಗಣಿತ ಹೇಳಿ ಬರುವ ಸಂಭಾವಿತ. ಇವತ್ತೊಂದು ದಿನ ರಜೆ ಹಾಕಿದ್ದ. ಹಿಂದೊಮ್ಮೆ ತಾಯಿ ಸಾವಿತ್ರೀಬಾಯಿ ಏಕಾದಶಿ ಎಂದು ತಿಳಿಯದೆ ಉಪ್ಪಿಟ್ಟು ತಿಂದುಬಿಟ್ಟು, ವಾರವಿಡೀ ಮುಖ ಊದಿಸಿಕೊಂಡು ಕೂತಿದ್ದರು. ಆ ಊದಿದ ಮುಖ ನೋಡಲಾರದೆ ಅವನು ಚಂದ್ರನ ಲೆಕ್ಕ ಹಾಕಿ ತಿಥಿ ಹೇಳುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದ. ಬರೆದದ್ದನ್ನು ಮುಚ್ಚಿಡಲಿಲ್ಲ. ಯಾರು ಬೇಕಾದರೂ ಒಯ್ಯಲಿ, ಬಿಚ್ಚಿ ನೋಡಲಿ, ತಿದ್ದಲಿ ಎಂದು ಇಂಟರ್‌ನೆಟ್ಟಿಗೆ ಹಾಕಿದ. ಓಪನ್ ಸೋರ್ಸ್ ಅನ್ನುವುದು ಇದಕ್ಕೇ.

ಊರೂರಿನವರು ಒಯ್ದರು. ತಪ್ಪು ಕಂಡಾಗ ಮಾತ್ರ ಅವನಿಗೆ ಬರೆದರು, ಅದೂ ಬೈದು ಬರೆದರು. ಪವಮಾನನ ರವಿವಾರಗಳೆಲ್ಲ ಆ ತಿದ್ದುಪಡಿಗೇ ಹೋದವು. ಕಡೆಗೆ ಹೆಂಡತಿ ಶುಭದಾ ಹಟ ಹಿಡಿದಳು: ಈ ದುಡಿತಕ್ಕೆ ಯಾರಾದರೂ ಸಂಬಳ ಕೊಟ್ಟರೆ ಇರಲಿ, ಇಲ್ಲವಾದರೆ ದೀಪಾವಳಿಗೆ ತಿಥಿಗೆ ಬೀಗ. ಪವಮಾನ ಒಪ್ಪಿದ. ಒಪ್ಪಿದ ದಿನ ಅವನಿಗೆ ಊಟ ಸೇರಲಿಲ್ಲ.

ಈಗ ಯುರೋಪಿನ ಒಂದು ಸರಕಾರಿ ನಿಧಿಯವರು ವರ್ಷವರ್ಷವೂ ಸಂಬಳ ಕೊಡುತ್ತೇವೆ ಅಂದಿದ್ದರು. ಷರತ್ತು ಒಂದೇ. ತಿಥಿಯನ್ನು ಬಲ್ಲವರು ಪವಮಾನನಲ್ಲದೆ ಇನ್ನೊಬ್ಬರು ಬೇಕು, ಅಕಸ್ಮಾತ್ ಅವನು ಬಸ್ಸಿನಡಿ ಸಿಕ್ಕರೂ ಕೆಲಸ ನಿಲ್ಲಬಾರದು. ಆ ಇನ್ನೊಬ್ಬರನ್ನು ನೋಡಲು ಇಂಗ್ರಿಡ್ ಎಂಬ ಅಧಿಕಾರಿ ಸಾಯಂಕಾಲ ಐದಕ್ಕೆ ವಿಡಿಯೊ ಕಾಲಿನಲ್ಲಿ ಬರುವವರಿದ್ದರು. ಗಂಟೆ ನಾಲ್ಕಾಗಿತ್ತು. ಆ ಇನ್ನೊಬ್ಬರು ಯಾರೆಂದು ಪವಮಾನನಿಗೇ ಗೊತ್ತಿರಲಿಲ್ಲ.

ಸಾವಿತ್ರೀಬಾಯಿ: ಅಲ್ಲೋ, ಯುರೋಪದವರಿಗೆ ನಮ್ಮ ಏಕಾದಶಿ ಯಾಕ ಬೇಕು? ಉಪವಾಸ ಮಾಡತಾರೇನು?

ಪವಮಾನ: ಅವರದೊಂದು ಹಬ್ಬ ಅದ ಆಯಿ, ಈಸ್ಟರ್ ಅಂತ. ಅದೂ ಹುಣ್ಣಿಮಿ ನೋಡೇ ಬರೋದು. ರಜಾ ಎಂದು ಅಂತ ಅವರ ಆಫೀಸಿನ ಕಂಪ್ಯೂಟರಿಗೆ ನನ್ನ ತಿಥಿನೇ ಹೇಳತದ.

ಸಾವಿತ್ರೀಬಾಯಿ: ಹುಣ್ಣಿಮಿ ನೋಡತಾರ? ಛಲೋ ಮಂದಿ ಅದಾರಲ್ಲ ಮತ್ತ.

ಶುಭದಾ: ಅಷ್ಟು ದೊಡ್ಡ ಮಂದಿಗೆ ತಮ್ಮ ಹುಣ್ಣಿಮಿ ತಾವು ನೋಡ್ಕೊಳ್ಳಿಕ್ಕೆ ಬರಂಗಿಲ್ಲೇನ್ರಿ?

ಪವಮಾನ: ಅದೇ ಕತಿ ನೋಡು. ಇಷ್ಟು ದಿನ ಅವರ ಕಾಗದಪತ್ರ ಎಲ್ಲಾ ಪರದೇಶದ ದೊಡ್ಡ ಕಂಪನಿಗಳ ಕಪಾಟಿನಾಗ ಇದ್ದವು. ನಾಳೆ ಕಂಪನಿಯವರು ಕೀಲಿ ಹಾಕ್ಕೊಂಡು ಕೂತರ ನಮ್ಮ ಗತಿ ಏನು ಅಂತ ಈಗ ಅಂಜಿಕಿ ಬಂದದ. ಯಾರ ಹಂಗೂ ಬ್ಯಾಡ, ನಮ್ಮ ಕಾಲ ಮ್ಯಾಲ ನಾವು ನಿಲ್ಲೋಣು ಅಂತ ಓಪನ್ ಸೋರ್ಸ್ ಹಿಡದರು. ಹಿಡದು, ನಮ್ಮ ಕಾಲು ಎಲ್ಲದ ಅಂತ ನೋಡತಾರ...

ಶುಭದಾ: ಕಾಲು ಕುಸನೂರಿನಾಗ ಅದ!

ಪವಮಾನ: ನಗಬ್ಯಾಡ. ಇದಕ್ಕ ಡಿಜಿಟಲ್ ಸಾರ್ವಭೌಮತ್ವ ಅಂತಾರ.

ಸಾವಿತ್ರೀಬಾಯಿಯ ಮುಖ ಥಟ್ಟನೆ ಅರಳಿತು. ಎರಡೂ ಕೈ ತಾವಾಗಿ ಜೋಡಿದವು. ಆ ಮನೆಯಲ್ಲಿ ಸಾರ್ವಭೌಮರು ಅಂದರೆ ಒಬ್ಬರೇ, ಮಂತ್ರಾಲಯದ ಗುರುಸಾರ್ವಭೌಮರು.

ಸಾವಿತ್ರೀಬಾಯಿ: ರಾಯರು! ಯುರೋಪದಾಗ ರಾಯರ ಮಠ ಕಟ್ಟಲಿಕತ್ತಾರಂತ ಮೊದಲೇ ಹೇಳಬಾರದೇನೋ? ಇವತ್ತ ಗುರುವಾರ ಬ್ಯಾರೆ! ಶುಭದಾ, ಹಯಗ್ರೀವಕ್ಕ ಕಡ್ಲಿಬ್ಯಾಳಿ ನೆನೆ ಹಾಕು.

ಪವಮಾನ: ಮಠ ಅಲ್ಲ ಆಯಿ...

ಶುಭದಾ: ಇರಲಿ ಬಿಡ್ರಿ. ಬಸ್ಸಿಗಿಂತ ಮಠ ಛಲೋ.

ತಾಯಿಗೆ ಮಠ ಸಿಕ್ಕಿತು, ತನಗೆ ಇನ್ನೊಬ್ಬರು ಸಿಗಲಿಲ್ಲವಲ್ಲ ಎಂದು ಪವಮಾನ ಅಂಗಳಕ್ಕೆ ಹೋಗಿ ಕಮಲಾಪುರಕ್ಕೆ ಫೋನ್ ಹಚ್ಚಿದ. ಅಣವೀರಪ್ಪ ಅದೇ ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಕೆಂಪು ಬಾಳೆಯ ತೋಟದ ಧಣಿ, ಕರೆದರೆ ಇಲ್ಲ ಅನ್ನದ ಗೆಳೆಯ. ಅವನಿಗೆ ಮನಸ್ಸು ದೊಡ್ಡದು, ಅವನ ಫೋನಿಗೆ ಮಾತ್ರ ನೆಟ್‌ವರ್ಕ್ ಸಣ್ಣದು.

ಪವಮಾನ: ಅಣವೀರಪ್ಪಾ, ಒಂದು ಮಾತು ಕೇಳತೀನಿ, ಇಲ್ಲ ಅನಬ್ಯಾಡ. ನಾ ಬಸ್ಸಿನಡಿ ಸಿಕ್ಕರ...

ಅಣವೀರಪ್ಪ: ಏನು? ಬಸ್ಸಿನಡಿ ಸಿಕ್ಕೀಯಾ? ಅದಕ್ಕೇ ಇವತ್ತ ಕಾಲೇಜಿಗೆ ಬಂದಿಲ್ಲ!

ಪವಮಾನ: ಸಿಕ್ಕರ, ಸಿಕ್ಕರ! ನನ್ನ ತಿಥಿ ನೀ ನೋಡ್ಕೋತೀಯೇನು?

ಅಣವೀರಪ್ಪ: ತಿಥಿ? ಏ ಮಾರಾಯಾ, ನಮ್ಮಲ್ಲಿ ತಿಥಿ ಗಿಥಿ ಮಾಡಂಗಿಲ್ಲೋ! ವಿಭೂತಿ ಹಚ್ಚಿ, ಕುಂದ್ರಿಸಿ, ಮಣ್ಣು ಕೊಡೋದೊಂದೇ ನಮಗ ಗೊತ್ತು! ಮೊದಲ ಹೇಳು, ಎಲ್ಲಿ ಬಿದ್ದೀದಿ? ಮಾತಾಡಾಕತ್ತೀದಿ ಅಂದ್ರ ಉಸಿರು ಅದ. ಹಲೋ! ಹಲೋ!

ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಇರಲಿ, ಅವನಿಗೆ ನಾಳೆ ತಿಳಿಸಿ ಹೇಳಿದರಾಯಿತು ಎಂದುಕೊಂಡು ಪವಮಾನ ಒಳಗೆ ಬಂದ. ಸಂಭಾವಿತರ ದೊಡ್ಡ ದೋಷವೇ ಇದು, ನಾಳೆ ತಿಳಿಸಿ ಹೇಳುವುದು.

ಐದಕ್ಕೆ ಸರಿಯಾಗಿ ಪರದೆಯ ಮೇಲೆ ಇಂಗ್ರಿಡ್ ಮೂಡಿದರು. ನರೆಗೂದಲು, ಕೈಯಲ್ಲಿ ಕಾಫಿ, ಹಿಂದೆ ಬೋಳು ಗೋಡೆ. ಅವರಾಡಿದ್ದು ಇಂಗ್ಲಿಷು, ನಾವು ಕನ್ನಡದಲ್ಲೇ ಕೇಳಿಕೊಳ್ಳೋಣ. ಪವಮಾನ ನಮಸ್ಕಾರ ಹೇಳುವಷ್ಟರಲ್ಲಿ ಅವನ ಹೆಗಲ ಮೇಲಿಂದ ಸಾವಿತ್ರೀಬಾಯಿಯ ಮುಖ ಪರದೆಯ ತುಂಬ ತುಂಬಿತು.

ಸಾವಿತ್ರೀಬಾಯಿ: ಈಕಿನೇನು ನಿನ್ನ ಬಸ್ಸಿನಡಿ ಹಾಕಿದಾಕಿ? ಏನವಾ ತಂಗಿ, ನಿನಗ ಮಕ್ಕಳು ಮರಿ ಇಲ್ಲೇನು? ಮಠ ಕಟ್ಟೋ ಮಂದಿ ಹಿಂಗ ಮಾತಾಡತಾರೇನು?

ಇಂಗ್ರಿಡ್: ನಿಮ್ಮ ತಾಯಿಯವರು ಏನು ಹೇಳುತ್ತಿದ್ದಾರೆ?

ಪವಮಾನ: ನಿಮಗೆ ಸ್ವಾಗತ ಹೇಳುತ್ತಿದ್ದಾರೆ.

ಶುಭದಾ: ಇಲ್ಲ ಮೇಡಂ, ಬೈಯುತ್ತಿದ್ದಾರೆ. ನೀವು ಬಸ್ಸಿನ ಮಾತು ಬರೆದಿರಲ್ಲ, ಅದಕ್ಕೆ.

ಇಂಗ್ರಿಡ್: ಅಯ್ಯೋ, ಕ್ಷಮಿಸಬೇಕು! ನಮ್ಮಲ್ಲೂ ಕೆಲವರಿಗೆ ಬಸ್ಸಿನ ಮಾತು ಸೇರುವುದಿಲ್ಲ. ಅವರು ಬೇರೆ ಥರ ಹೇಳುತ್ತಾರೆ, ಲಾಟರಿ ಹೊಡೆದು ಕೆಲಸ ಬಿಟ್ಟು ಹೋದರೆ ಏನು ಗತಿ ಎಂದು.

ಪವಮಾನ: ಕೇಳು ಆಯಿ, ಬಸ್ಸಿನ ಮಾತು ಬಿಟ್ಟರು. ನನಗ ಲಾಟರಿ ಹತ್ತಿದ್ರ ಅಂತ ಅನ್ಲಿಕತ್ತಾರ.

ಸಾವಿತ್ರೀಬಾಯಿ: ಲಾಟರಿ? ಜೂಜು? ಹರಿ ಹರಿ! ಬಸ್ಸೇ ಛಲೋ ಇತ್ತು!

ಅಷ್ಟರಲ್ಲಿ ಹೊರಗೆ ಮೋಟರ್‌ಸೈಕಲ್ಲು ಗಕ್ಕನೆ ನಿಂತಿತು. ಬಾಗಿಲನ್ನು ದೂಡಿಕೊಂಡು ಅಣವೀರಪ್ಪ ಒಳಗೆ ಬಂದ. ತಲೆತುಂಬ ಧೂಳು, ಬಗಲಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು, ಕಣ್ಣಲ್ಲಿ ನೀರು.

ಅಣವೀರಪ್ಪ: ಅವ್ವಾರ, ಎಲ್ಲಿ ಅದಾನ್ರಿ? ಯಾವ ದವಾಖಾನಿ?

ಪವಮಾನ: ಇಲ್ಲೇ ಇದ್ದೀನಲ್ಲೋ.

ಅಣವೀರಪ್ಪ: ಕೈಕಾಲು ಬರೋಬ್ಬರಿ ಅವ? ಏ ನಿನ್ನ! ಪ್ರಿನ್ಸಿಪಾಲ್ ಸಾಹೇಬರು ಮೌನ ಆಚರಣಿ ಮಾಡಿಸಿ ಕಾಲೇಜೇ ಬಿಟ್ಟಾರೋ!

ಪವಮಾನ: ಮೌನ? ನನಗ?

ಅಣವೀರಪ್ಪ: ಹುಡುಗರು ಭಾಳ ಅತ್ತರು. ರಜಾ ಅಂದಮ್ಯಾಲ ಸುಮ್ಮನಾದರು.

ಪವಮಾನನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಮಲಾಪುರದಿಂದ ಇಲ್ಲಿಯ ತನಕ ಗಾಡಿಯನ್ನು ಯದ್ವಾತದ್ವಾ ಓಡಿಸಿಕೊಂಡು ಬಂದ ಗೆಳೆಯನ ತಲೆಯ ಧೂಳನ್ನು ಅವನು ಕೊಡವಿದ. ಪರದೆಯಲ್ಲಿ ಇಂಗ್ರಿಡ್ ಕಾಫಿಯನ್ನೇ ಮರೆತಿದ್ದರು.

ಇಂಗ್ರಿಡ್: ಇವರೇನು ನಿಮ್ಮ ಇನ್ನೊಬ್ಬರು? ತುಂಬಾ ಕಾಳಜಿಯ ಮನುಷ್ಯ ಅನಿಸುತ್ತದೆ.

ಪವಮಾನ ಅವಸರ ಅವಸರದಲ್ಲಿ ಗೆಳೆಯನಿಗೆ ಎಲ್ಲವನ್ನೂ ಹೇಳಿದ. ಅಣವೀರಪ್ಪ ಹಣ್ಣಿನ ಚಿಪ್ಪನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಬೆವರು ಒರೆಸಿಕೊಂಡು ಕೂತ.

ಅಣವೀರಪ್ಪ: ಪುಕ್ಕಟೆ ಹಂಚೋದು, ಮ್ಯಾಲ ಬೈಸಿಕೊಳ್ಳೋದು, ಇಷ್ಟೇ ಹೌದಲ್ಲೋ? ನಮ್ಮಪ್ಪಂದೂ ಇದೇ ಹಣೇಬಾರ ಇತ್ತು. ಕೆಂಪ ಬಾಳಿ ಕಂದು ಕೇಳಿದವರಿಗೆಲ್ಲಾ ಕಿತ್ತು ಕಿತ್ತು ಕೊಡತಿದ್ದ. ಒಯ್ದವರು ಗೊನಿ ಸಣ್ಣದಾತು ಅಂತ ಜಗಳಕ್ಕ ಬರತಿದ್ದರು. ನಮ್ಮ ತ್ವಾಟಕ್ಕ ಬಂದು ಒಂದು ಕೊಡ ನೀರು ಹಾಕಿದವರು ಒಬ್ಬರಿಲ್ಲ. ಈ ಬಾಯಾರು ತಾವಾಗೇ ನೀರು ಹಾಕತೀವಿ ಅಂತ ಬಂದಾರಂದ್ರ ಬಂಗಾರದಂಥಾ ಮಂದಿ. ಬಿಡಬ್ಯಾಡ.

ಪವಮಾನ: ಹಂಗಾದ್ರ ನೀ ನನ್ನ ಜೋಡಿ ನಿಲ್ಲತೀ?

ಅಣವೀರಪ್ಪ: ಜೀವ ಕೇಳು, ಕೊಡತೀನಿ. ಆದರ ಕಂಪ್ಯೂಟರಿನಾಗ ನನಗ ಬರೋದು ಚಾಲೂ ಮಾಡೋದೊಂದೇ. ಬಂದ್ ಮಾಡೋದು ನನ್ನ ಮಗಳು ಮಾಡತಾಳ.

ತಿಥಿಗೆ ಬೀಗ ಬೀಳುವುದು ನಿಕ್ಕಿಯಾಯಿತು. ಮುಂದಿನ ಏಕಾದಶಿಗೆ ಆಯಿಗೆ ಏನು ಹೇಳಲಿ ಎಂಬ ಚಿಂತೆಯಿಂದ ಪವಮಾನ ತಲೆ ತಗ್ಗಿಸಿದ. ಆಗ ಹಿಂದಿನಿಂದ ಶುಭದಾ ಮಾತಾಡಿದಳು, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ಆ ಮನೆಯಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಶುಭದಾ: ಕಂಪ್ಯೂಟರ್ ಬಂದ್ ಮಾಡಲಿಕ್ಕೆ ಬರಲಾರದವರಿಗೆ ಕಮಲಾಪುರದ ತನಕ ಫೋನ್ ಹೋತು. ಶಾಲಿಯಾಗ ದಿನಾ ಕಂಪ್ಯೂಟರ್ ಕಲಸೋಕಿ ಇಲ್ಲೇ ಮಗ್ಗಲಾಗ ಕೂತಾಳ, ಕಣ್ಣಿಗೆ ಕಾಣಲಿಲ್ಲ.

ಪವಮಾನ: ನಿನಗ ತಿಥಿ ಮ್ಯಾಲ ಸಿಟ್ಟದ ಅಂತ...

ಶುಭದಾ: ತಿಥಿ ಮ್ಯಾಲಲ್ಲ, ನಿಮ್ಮ ಮ್ಯಾಲ! ಓಪನ್ ಓಪನ್ ಅಂತ ಜಗತ್ತಿಗೆಲ್ಲಾ ಹೇಳತೀರಿ. ನಾ ಒಳಗ ನೋಡೀನಿ. ಒಂದು ಕಡೆ 'ಇಲ್ಲಿ ಒಂದು ಕೂಡಿಸು' ಅಂತದ. ಯಾಕ ಕೂಡಸ್ಬೇಕ್ರಿ?

ಪವಮಾನ: ಅದು... ನೆನಪಿಲ್ಲ. ಆದರ ತಗದ್ರ ಹುಣ್ಣಿಮಿ ತಪ್ಪತದ.

ಶುಭದಾ: ಬಾಗಲಾ ತಗದಿಟ್ಟೀರಿ, ಕೀಲಿ ತಲಿಯಾಗ ಇಟ್ಕೊಂಡೀರಿ. ಇದು ನಿಮ್ಮ ಮನಿತನದ ಚಟ. ಅತ್ಯಾನ ಸಾರಿನ ಪುಡಿ ನೋಡ್ರಿ. ಮದಿವಿ ಆಗಿ ಬಂದಾಗಿಂದ ನಾ ಮೆಣಸಿನಕಾಯಿ ತೊಟ್ಟು ಮುರದೀನಿ, ಕುಟ್ಟೀನಿ, ಸೋಸೀನಿ, ಬಾಣಲಿ ತಿಕ್ಕೀನಿ. ಹುರಿಯೋ ಹೊತ್ತಿಗೆ ಮಾತ್ರ 'ಶುಭದಾ, ಬಾಗಲದಾಗ ಯಾರೋ ಬಂದಾರ ನೋಡು' ಅಂತ ಹೊರಗ ಕಳಸತಾರ. ಇಷ್ಟು ವರ್ಷದಾಗ ಬಾಗಲದಾಗ ಒಬ್ಬರೂ ಬಂದಿಲ್ಲ!

ಅಣವೀರಪ್ಪ: ಇವತ್ತ ನಾ ಬಂದೀನಲ್ರಿ ವೈನಿ.

ಶುಭದಾ: ನೀವು ಗಪ್ಪ ಕೂಡ್ರಿ ಅಣ್ಣಾರ.

ಸಾವಿತ್ರೀಬಾಯಿ: ಅಲ್ಲ, ಯುರೋಪದ ನಡುವ ನನ್ನ ಪುಡಿ ಯಾಕ ಬಂತು?

ಶುಭದಾ: ಯಾಕಂದ್ರ ಅದೂ ನಿಮ್ಮೊಬ್ಬರಿಗೇ ಗೊತ್ತು ಅತ್ಯಾ. ನಾಳೆ ನೀವು ಬಸ್ಸಿನಡಿ...

ಸಾವಿತ್ರೀಬಾಯಿ: ನಾ ಬ‌ಸ್ಸು ಹತ್ತಂಗೇ ಇಲ್ಲ!

ಇಂಗ್ರಿಡ್ ಏನಾಯಿತೆಂದು ಕೇಳಿದರು. ಈ ಸಲ ಪವಮಾನ ಒಂದು ಮಾತನ್ನೂ ನುಂಗಲಿಲ್ಲ. ತನ್ನ ತಪ್ಪನ್ನೂ ತಾಯಿಯ ಪುಡಿಯನ್ನೂ ಬರದ ಅತಿಥಿಗಳನ್ನೂ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಒಪ್ಪಿಸಿದ. ಇಂಗ್ರಿಡ್ ನಗಲಿಲ್ಲ.

ಇಂಗ್ರಿಡ್: ನನ್ನ ಅತ್ತೆಯವರೂ ಹೀಗೇ. ಈಸ್ಟರ್ ಹಬ್ಬಕ್ಕೆ ಒಂದು ಕೇಕು ಮಾಡುತ್ತಿದ್ದರು. ಯಾರಿಗೂ ಹೇಳಿಕೊಡಲಿಲ್ಲ. ಅದು ಅವರ ಜೊತೆಗೇ ಹೋಯಿತು.

ಪವಮಾನ ತಾಯಿಗೆ ಕನ್ನಡದಲ್ಲಿ ಹೇಳಿದ. ಸಾವಿತ್ರೀಬಾಯಿ ಪರದೆಯ ಹತ್ತಿರ ಬಗ್ಗಿದರು.

ಸಾವಿತ್ರೀಬಾಯಿ: ಹೋಗೇ ಬಿಡ್ತಾ? ಮತ್ತ ಈಗ ಹಬ್ಬಕ್ಕ ಏನು ಮಾಡತೀಯವಾ?

ಇಂಗ್ರಿಡ್: ಅಂಗಡಿಯಿಂದ ತರುತ್ತೇವೆ.

ಸಾವಿತ್ರೀಬಾಯಿ: ಅಂಗಡಿದು! ಹಬ್ಬಕ್ಕ!

ಬಸ್ಸು ಮಾಡದ ಕೆಲಸವನ್ನು ಅಂಗಡಿ ಮಾಡಿತು. ಪೇಟೆಯ ಯಾವುದೋ ಅಂಗಡಿಯಲ್ಲಿ ಸೊಸೆ ನಿಂತು ಸಾರಿನ ಪುಡಿಯ ಪಾಕೀಟು ಕೇಳುತ್ತಿರುವುದು, ಅಂಗಡಿಯವನು ಬಾಯಿಗೆ ಬಂದ ದರ ಹೇಳುವುದು, ಅವನು ಕೊಟ್ಟದ್ದನ್ನೇ ರಾಯರ ನೈವೇದ್ಯದ ಸಾರಿಗೆ ಹಾಕುವುದು, ಎಲ್ಲ ಆ ಮುದುಕಿಯ ಕಣ್ಣ ಮುಂದೆ ಬಂತು. ಅವರು ಸೊಸೆಯ ರಟ್ಟೆ ಹಿಡಿದು ಹತ್ತಿರ ಎಳೆದುಕೊಂಡರು.

ಸಾವಿತ್ರೀಬಾಯಿ: ಒಂದು ಮುಷ್ಟಿ ತೊಗರಿಬ್ಯಾಳಿ. ಸಣ್ಣ ಉರಿ ಮ್ಯಾಲ ಕೆಂಪಗ ಹುರೀಬೇಕು. ಕಡೀಕ ಇಂಗು.

ಶುಭದಾ: ಇಷ್ಟೇನಾ?

ಸಾವಿತ್ರೀಬಾಯಿ: ಇಷ್ಟೇ. ಇಷ್ಟೇ ಅದ ಅಂತ ಗೊತ್ತಾದ್ರ ನನ್ನ ಕಿಮ್ಮತ್ತು ಎಲ್ಲಿ ಉಳೀತಿತ್ತವಾ?

ತೊಗರಿಯ ಕಣಜವಾದ ಈ ಕಲಬುರಗಿಯಲ್ಲಿ ತೊಗರಿಬೇಳೆಯನ್ನು ಇಷ್ಟು ವರ್ಷ ಗುಟ್ಟಾಗಿಟ್ಟ ಇನ್ನೊಬ್ಬ ಹೆಣ್ಣುಮಗಳು ಇರಲಾರಳು. ಶುಭದಾಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರೂ ಬಂತು. ಅತ್ತೆಯ ಕೈಯನ್ನು ಅವಳು ಬಿಡಲಿಲ್ಲ.

ಶುಭದಾ: ನಿಮ್ಮ ಕಿಮ್ಮತ್ತು ಪುಡಿಯಾಗ ಅದ ಅಂತ ಯಾರು ಹೇಳಿದರು ಅತ್ಯಾ? ಆತು. ತಿಥಿಗೆ ನಾ ನಿಲ್ಲತೀನಿ. ಆದರ ಇವರ ಹಿಂದ ಅಲ್ಲ, ಇವರ ಸರಿಸಮಕ್ಕ. ಮತ್ತ ಎಲ್ಲೆಲ್ಲಿ ಏನೇನು ಯಾಕ ಕೂಡಿಸೀರಿ ಅಂತ ಪೂರಾ ಬರದಿಡಬೇಕು.

ಪವಮಾನ: ನೆನಪಿಲ್ಲದ್ದು?

ಶುಭದಾ: ನೆನಪಿಲ್ಲ ಅಂತ ಬರೀರಿ. ಅದೂ ಓಪನ್ನೇ.

ತನ್ನ ಷರತ್ತನ್ನು ಅವಳು ಇಂಗ್ರಿಡ್‌ಗೂ ಇಂಗ್ಲಿಷಿನಲ್ಲಿ ತಿಳಿಸಿದಳು.

ಇಂಗ್ರಿಡ್: ಮೊದಲನೆಯವರು, ಎರಡನೆಯವರು ಎಂದು ನಮ್ಮಲ್ಲಿಲ್ಲ. ಇಬ್ಬರು ಇದ್ದರೆ ಸಾಕು. ಒಂದೇ ವಿನಂತಿ, ದಯವಿಟ್ಟು ಇಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಬೇಡಿ!

ಹೇಳಿ ಇಂಗ್ರಿಡ್ ನಕ್ಕರು, ಗಂಡಹೆಂಡಿರೂ ನಕ್ಕರು. ಅಣವೀರಪ್ಪನೂ ನಕ್ಕು, ತಾನೇ ತಂದ ಬಾಳೆಹಣ್ಣನ್ನು ಸುಲಿದ. ಮಗ ಕನ್ನಡದಲ್ಲಿ ಹೇಳಿದ ಆ ಮಾತು ಕೇಳಿ ನಗದವರು ಸಾವಿತ್ರೀಬಾಯಿ ಒಬ್ಬರೇ. ಪವಮಾನ ಅದನ್ನು ಗಮನಿಸಲಿಲ್ಲ. ತಿಥಿ ಉಳಿಯಿತೆಂಬ ಖುಷಿಯಲ್ಲಿ ಅವನಿಗೆ ಏನೂ ಕಾಣುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಒಂದು ರವಿವಾರ, ಪವಮಾನ ಬದುಕಿದ್ದಾನೆಂದು ಊರಿಗೆಲ್ಲ ತೋರಿಸಬೇಕೆಂದು ಅಣವೀರಪ್ಪ ತನ್ನ ತೋಟದಲ್ಲಿ ಊಟ ಇಟ್ಟುಕೊಂಡ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಸಲಾವುದ್ದೀನ್ 'ಕಮಲಾಪುರ, ಕಮಲಾಪುರ' ಎಂದು ಕೂಗುತ್ತಿದ್ದ. ಎಂದೂ ಬಸ್ಸು ಹತ್ತದ ಸಾವಿತ್ರೀಬಾಯಿಯೂ ಸಾರಿನ ಡಬ್ಬಿ ಹಿಡಿದು ಬಂದಿದ್ದರು. ಗಂಡಹೆಂಡಿರು ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಹಿಂದಿನಿಂದ ಶುಭದಾಳ ಸೆರಗು ಜಗ್ಗಿತು.

ಸಾವಿತ್ರೀಬಾಯಿ: ನಿಲ್ರಿ! ಇಬ್ಬರೂ ಒಂದೇ ಬಸ್ಸಿನಾಗ ಹೊಂಟೀರಲ್ಲ, ಯುರೋಪದ ಗತಿ ಏನು? ಪವಮಾನ, ನೀ ಈ ಬಸ್ಸಿಗೆ ಹೋಗು. ಅಕಿ ಮುಂದಿನ ಬಸ್ಸಿಗೆ ಬರತಾಳ.

ಪವಮಾನ: ಆಯಿ, ಇಂಗ್ರಿಡ್ ಬಾಯಾರು ಆ ಮಾತು ಚ್ಯಾಷ್ಟಿಗೆ ಅಂದದ್ದು!

ಸಾವಿತ್ರೀಬಾಯಿ: ಸಂಬಳ ಕೊಡೋರು ಚ್ಯಾಷ್ಟಿ ಮಾಡತಾರೇನು? ಅವರ ಹುಣ್ಣಿಮಿ ನಮ್ಮ ಕೈಯಾಗ ಅದ. ಹತ್ತು ನೀ.

ಸಲಾವುದ್ದೀನ್: ಸರ್, ಬಸ್ ಬಿಡಾಕತ್ತೀನ್ರಿ. ಎಷ್ಟು ಟಿಕೀಟು?

ಪವಮಾನ: ಒಂದು ನಿಮಿಷ ಭಾಯ್. ಆಯಿ, ಮತ್ತ ನೀ ಯಾವ ಬಸ್ಸಿಗೆ?

ಸಾವಿತ್ರೀಬಾಯಿ: ನಾ ಶುಭದಾನ ಜೋಡಿ.

ಪವಮಾನನಿಗೆ ಜೀವಮಾನದಲ್ಲಿ ಒಮ್ಮೆ ತಾಯಿಯನ್ನು ಮಾತಿನಲ್ಲಿ ಗೆಲ್ಲುವ ಅವಕಾಶ ಸಿಕ್ಕಿತ್ತು. ಅದನ್ನು ಅವನು ಬಿಡಲಿಲ್ಲ.

ಪವಮಾನ: ಹಂಗ ಹ್ಯಾಂಗ ಆಗತದ? ಸಾರಿನ ಪುಡಿ ಗೊತ್ತಿರೋದು ನಿಮ್ಮಿಬ್ಬರಿಗೇ. ನೀವಿಬ್ಬರೂ ಒಂದೇ ಬಸ್ಸಿನಾಗ ಕೂತರ ನನ್ನ ಗತಿ ಏನು?

ಸಾವಿತ್ರೀಬಾಯಿ ಒಮ್ಮೆ ಬಸ್ಸು ನೋಡಿದರು, ಒಮ್ಮೆ ಸೊಸೆಯ ಮುಖ ನೋಡಿದರು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆಮೇಲೆ ಸಾವಿತ್ರೀಬಾಯಿ ಡಬ್ಬಿಯನ್ನು ಮಗನ ಕೈಗೆ ಕೊಟ್ಟು, ತಾವೇ ಮೊದಲು ಮೆಟ್ಟಿಲು ಹತ್ತಿದರು.

ಸಾವಿತ್ರೀಬಾಯಿ: ಖರೆ ಹೇಳಿದಿ. ಇವತ್ತ ರಾಯರ ಮ್ಯಾಲ ಭಾರ ಹಾಕಿ ಮೂವರೂ ಇದೇ ಬಸ್ಸಿಗೆ ಹೋಗೋಣು, ಆದರ ನಾಳೆ ಮುಂಜಾನೆ ನೀನೂ ಬಾಣಲಿ ಮುಂದ ನಿಲ್ಲು. ಯುರೋಪಕ್ಕ ಇಬ್ಬರು ಸಾಕು, ನಮ್ಮ ಅಡಿಗಿಮನಿಗೆ ಮೂರು ಮಂದಿ ಬೇಕು.